ಗಂಡನ ಸಾರಲ್ಲಿ ಕದ್ದು ಪುಡಿ ಹಾಕಬೇಡಿ, ಒಮ್ಮೆಲೇ ನಿಲ್ಲಿಸಿ ಅಂತಲೂ ಹೇಳಬೇಡಿ

ಪ್ರಶ್ನೆ: ಡಾಕ್ಟ್ರೇ, ನಮ್ದು ಕೇರಳದ ಕಾಸರಗೋಡಿನ ಬದಿಯಡ್ಕ ಹತ್ರ. ನಮ್ಮವರಿಗೆ 44 ವರ್ಷ, ಅಡಿಕೆ ಮರ ಹತ್ತುವ ಕೆಲಸ, ಮದ್ದು ಬಿಡ್ಲಿಕ್ಕೆ, ಕೊಯ್ಲಿಗೆ, ಅದಿಲ್ಲದಾಗ ಅಡಿಕೆ ಸುಲಿಲಿಕ್ಕೆ ಹೋಗ್ತಾರೆ. ಹನ್ನೆರಡು ವರ್ಷದಿಂದ ಕುಡಿತ ಉಂಟು, ಈಗ ಎರಡು ವರ್ಷದಿಂದ ಬೆಳಿಗ್ಗೆ ಎದ್ದ ಕೂಡ್ಲೇ ಬೇಕು, ಇಲ್ಲದಿದ್ರೆ ಕೈ ನಡುಗಿ ಚಾ ಗ್ಲಾಸ್ ಹಿಡಿಲಿಕ್ಕೆ ಆಗುದಿಲ್ಲ. ಹೋದ ವರ್ಷ ಶಬರಿಮಲೆಗೆ ಮಾಲೆ ಹಾಕಿದ್ರು, ಅವತ್ತಿಂದ ಒಂದು ತೊಟ್ಟು ಮುಟ್ಟಲಿಲ್ಲ. ಮೂರನೇ ದಿನ ರಾತ್ರಿ ಗೋಡೆಯಲ್ಲಿ ಇರುವೆ ಹರಿತಾ ಉಂಟು ಅಂತ ಬೊಬ್ಬೆ ಹೊಡಿಲಿಕ್ಕೆ ಶುರು ಮಾಡಿದ್ರು, ಆಮೇಲೆ ಚಾಪೆಯಲ್ಲಿ ಕೂತು ಇಲ್ಲದ ಅಡಿಕೆ ಸುಲಿಲಿಕ್ಕೆ ಶುರು. ಅತ್ತೆ ಇದು ದೈವದ ಉಪದ್ರ ಅಂತ ಜೋಯಿಸರಲ್ಲಿ ಪ್ರಶ್ನೆ ಇಡಿಸಿದ್ರು, ಕಡೆಗೆ ಆಸ್ಪತ್ರೆಗೆ ಹಾಕಿದ್ವಿ, ಐದಾರು ದಿನದಲ್ಲಿ ಸರಿಯಾದ್ರು, ಮನೆಗೆ ಬಂದ ವಾರಕ್ಕೆ ಪುನಃ ಕುಪ್ಪಿ. ಈಗ ಪರಿಚಯದವರೊಬ್ರು ಒಂದು ಪುಡಿ ಉಂಟು, ಸಾರಲ್ಲಿ ಹಾಕಿ ಕೊಟ್ರೆ ಅವರಿಗೆ ಗೊತ್ತೇ ಆಗುದಿಲ್ಲ ಅಂತಾರೆ. ಹಾಕಬಹುದಾ? ಇದು ನಿಜವಾಗಿ ರೋಗವಾ, ಅಹಂಕಾರವಾ? ಮಗ ಪ್ಲಸ್ ವನ್ನಲ್ಲಿ ಇದ್ದಾನೆ, ಅವನಿಗೂ ಬರ್ತದಾ? ಈ ವರ್ಷ ಪುನಃ ಮಾಲೆ ಹಾಕ್ತೇನೆ ಅಂತಿದ್ದಾರೆ, ನನಗೆ ಹೆದರಿಕೆ.

ಉತ್ತರ: ಅಕ್ಕ, ಮೊದ್ಲು ಪುಡಿಯ ವಿಷಯ ಹೇಳಿಬಿಡ್ತೇನೆ, ಬಾಕಿ ಎಲ್ಲ ಆಮೇಲೆ. ಹಾಕಬೇಡಿ. ಇವತ್ತೂ ಬೇಡ, ನಾಳೆಯೂ ಬೇಡ.

ಆ ಪುಡಿ ಎರಡರಲ್ಲಿ ಒಂದು ಆಗಿರ್ತದೆ. ಒಂದೋ ಲೇಬಲ್ ಇಲ್ಲದ ಪೊಟ್ಟಣ, ಅದರಲ್ಲಿ ಎಂತ ಬೇರು ಎಂತ ಲೋಹ ಉಂಟು ಅಂತ ಮಾರುವವನಿಗೂ ಗೊತ್ತಿರುದಿಲ್ಲ. ಇಲ್ಲದಿದ್ರೆ ಡೈಸಲ್ಫಿರಾಂ ಅಂತ ಒಂದು ಮಾತ್ರೆ ಉಂಟು, ಅದನ್ನು ಅರೆದದ್ದು. ಈ ಡೈಸಲ್ಫಿರಾಂ ಕೆಟ್ಟ ಮದ್ದು ಅಲ್ಲ, ನಾನೂ ಬರೆದು ಕೊಡ್ತೇನೆ. ಇದು ಮೊದ್ಲು ಮದ್ದೇ ಆಗಿರಲಿಲ್ಲ, ರಬ್ಬರನ್ನು ಗಟ್ಟಿ ಮಾಡ್ಲಿಕ್ಕೆ ಫ್ಯಾಕ್ಟರಿಯಲ್ಲಿ ಹಾಕುವ ಕೆಮಿಕಲ್. 1930ರ ದಶಕದಲ್ಲಿ ಅಮೆರಿಕದ ಒಂದು ಫ್ಯಾಕ್ಟರಿಯ ಡಾಕ್ಟ್ರು ನೋಡಿದ್ರು, ಅಲ್ಲಿ ಈ ಕೆಮಿಕಲ್ ಮುಟ್ಟಿ ಕೆಲಸ ಮಾಡುವವರಿಗೆ ಸಂಜೆ ಒಂದು ಗುಟುಕು ಕುಡಿದ್ರೂ ತಡಿಲಿಕ್ಕೆ ಆಗುದಿಲ್ಲ, 1948ರಲ್ಲಿ ಡೆನ್ಮಾರ್ಕಿನವರು ಅದನ್ನೇ ಕುಡಿತ ಬಿಡಿಸುವ ಮದ್ದಾಗಿ ತಂದ್ರು. ನಾವು ಕುಡಿದ ಆಲ್ಕೋಹಾಲನ್ನು ಲಿವರ್ ಮೊದ್ಲು ಅಸೆಟಾಲ್ಡಿಹೈಡ್ ಅನ್ನುವ ವಿಷ ಮಾಡ್ತದೆ, ಆಮೇಲೆ ಆ ವಿಷವನ್ನು ಕೂಡ್ಲೇ ಸಾದಾ ವಸ್ತುವಾಗಿ ಮುರಿತದೆ. ಡೈಸಲ್ಫಿರಾಂ ಈ ಎರಡನೇ ಕೆಲಸವನ್ನು ತಡಿತದೆ. ಹಾಗಾಗಿ ಕುಡಿದವನ ಮೈಯಲ್ಲಿ ವಿಷ ತುಂಬಿ ಮುಖ ಕೆಂಪಗಾಗ್ತದೆ, ಎದೆ ಡವಡವ, ತಲೆ ಸಿಡಿತ, ವಾಂತಿ, ಬಿಪಿ ಒಮ್ಮೆಲೇ ಇಳಿತದೆ. ಹೃದಯ ವೀಕ್ ಇದ್ದವರು ಸತ್ತದ್ದೂ ಉಂಟು. ಮಾತ್ರೆ ನಿಲ್ಲಿಸಿ ಎರಡು ವಾರದವರೆಗೂ ಹೀಗೆ ಆಗಬಹುದು.

ಈಗ ಯೋಚನೆ ಮಾಡಿ, ಗೊತ್ತಿದ್ದು ಮಾತ್ರೆ ತಗೊಳ್ಳುವವ ಕುಪ್ಪಿ ಮುಟ್ಟುವ ಮೊದ್ಲು ಹೆದರ್ತಾನೆ, ಆ ಹೆದರಿಕೆಯೇ ಈ ಮದ್ದಿನ ಕೆಲಸ. ಗೊತ್ತಿಲ್ಲದವ ಎಂದಿನ ಹಾಗೆ ಒಂದು ಕ್ವಾರ್ಟರ್ ಪೂರ್ತಿ ಇಳಿಸ್ತಾನೆ. ನಿಮ್ಮವರಾದ್ರೆ ಇಳಿಸಿ ಮರ ಹತ್ತಿರ್ತಾರೆ. ನಾನು ಚಿಕ್ಕ ಡಾಕ್ಟ್ರಾಗಿದ್ದಾಗ ಒಂದು ರಾತ್ರಿ ಕ್ಯಾಶುವಾಲ್ಟಿಗೆ ಒಬ್ಬರನ್ನು ತಂದಿದ್ರು, ಮೈಯೆಲ್ಲ ಕೆಂಪು, ಬಿಪಿ ಸಿಗ್ತಾ ಇಲ್ಲ, ನಾವು ಹಾರ್ಟ್ ಅಟ್ಯಾಕ್ ಅಂತ ಓಡಾಡ್ತಾ ಇದ್ದೆವು. ಹೆಂಡತಿ ಬಾಗಿಲ ಹತ್ರ ಸೆರಗು ಬಾಯಿಗೆ ಒತ್ತಿ ನಿಂತಿದ್ರು. ಕಡೆಗೆ ನರ್ಸಿನ ಕೈ ಹಿಡಿದು ಹೇಳಿದ್ರು, ಸಿಸ್ಟರ್, ನಾನು ಹುಳಿಯಲ್ಲಿ ಹಾಕಿದ್ದೆ ಅಂತ. ಆ ಮನುಷ್ಯ ಉಳಿದ, ಆದ್ರೆ ವಿಷಯ ಗೊತ್ತಾದ ಮೇಲೆ ವರ್ಷಗಟ್ಟಲೆ ಹೆಂಡತಿ ಬಡಿಸಿದ್ದು ಉಣ್ಣಲಿಲ್ಲ, ಹೋಟ್ಲಲ್ಲಿ ಊಟ, ಕುಡಿತ ಮೊದಲಿಗಿಂತ ಜಾಸ್ತಿ. ಆ ಹೆಂಗಸಿನ ತಪ್ಪು ಅಂತ ನಾನು ಇವತ್ತಿಗೂ ಹೇಳುದಿಲ್ಲ, ಅವರಿಗೆ ಬೇರೆ ದಾರಿ ಯಾರೂ ತೋರಿಸಿರಲಿಲ್ಲ.

ಇನ್ನು ಆ ಮೂರನೇ ದಿನದ ರಾತ್ರಿ. ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ ಸಾಲು ಅದು. ಅಕ್ಕ, ಅದು ದೈವದ ಉಪದ್ರ ಅಲ್ಲ, ವ್ರತದ ಮೈಲಿಗೆಯೂ ಅಲ್ಲ. ಅದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಅಂತ ಹೆಸರು, ನಾವು ಡಿಟಿ ಅಂತೇವೆ. ದಿನಾ ಕುಡಿಯುವವ ಒಮ್ಮೆಲೇ ನಿಲ್ಲಿಸಿದಾಗ ಬರುವ ಅತಿ ಅಪಾಯದ ಸ್ಥಿತಿ, ಮದ್ದು ಸಿಗದಿದ್ರೆ ಜೀವ ಹೋಗಬಹುದು.

ಇದು ಹೇಗೆ ಆಗ್ತದೆ ಅಂತ ನಿಮಗೆ ಸುಲಭವಾಗಿ ಅರ್ಥ ಆದೀತು, ಯಾಕಂದ್ರೆ ನಿಮ್ಮವರು ಒಂದು ಅಡಿಕೆ ಮರದ ತಲೆಯಲ್ಲಿ ಇದ್ದುಕೊಂಡೇ ಪಕ್ಕದ ಮರವನ್ನು ಎಳೆದು ಬಗ್ಗಿಸಿ ಹಿಡಿದು ಅದಕ್ಕೆ ದಾಟುವುದನ್ನು ನೀವು ನೋಡಿದ್ದೀರಿ. ಬಗ್ಗಿಸಿ ಹಿಡಿದ ಮರವನ್ನು ಒಮ್ಮೆಲೇ ಕೈಬಿಟ್ರೆ ಎಂತ ಆಗ್ತದೆ? ನೆಟ್ಟಗೆ ನಿಲ್ಲುದಿಲ್ಲ, ಆಚೆ ಕಡೆಗೆ ಬೀಸಿ ಹೊಡಿತದೆ. ಮೆದುಳಲ್ಲಿ ಗಾಬಾ ಅಂತ ಒಂದು ರಾಸಾಯನಿಕ ಉಂಟು, ನರಗಳನ್ನು ಶಾಂತ ಮಾಡುವಂಥದ್ದು, ಗ್ಲುಟಮೇಟ್ ಅಂತ ಇನ್ನೊಂದು, ಕೆರಳಿಸುವಂಥದ್ದು. ಆಲ್ಕೋಹಾಲ್ ಮೊದಲಿನದ್ದರ ಕೆಲಸವನ್ನು ಜಾಸ್ತಿ ಮಾಡ್ತದೆ, ಎರಡನೆಯದನ್ನು ಒತ್ತಿ ಹಿಡಿತದೆ. ವರ್ಷಗಟ್ಟಲೆ ಹೀಗೆ ಒತ್ತಿದ್ರೆ ಮೆದುಳು ಸುಮ್ಮನೆ ಕೂರುದಿಲ್ಲ, ಈ ಒತ್ತಡಕ್ಕೆ ಎದುರಾಗಿ ತಾನೂ ಕೆರಳುವ ಕಡೆಗೆ ಬಲ ಹಾಕಿ ಹಾಕಿ ಒಂದು ಸಮ ಮಾಡಿಕೊಳ್ತದೆ. ಅದಕ್ಕೇ ಮೊದ್ಲು ಎರಡು ಪೆಗ್ಗಿಗೆ ಏರುವವನಿಗೆ ಈಗ ಎರಡು ಕ್ವಾರ್ಟರ್ ಬೇಕು. ಇಂಥವನು ಮಾಲೆ ಹಾಕಿದ ಬೆಳಿಗ್ಗೆ ಪೂರ್ತಿ ನಿಲ್ಲಿಸಿಬಿಟ್ರೆ ಒತ್ತಿ ಹಿಡಿದ ಕೈ ಹೋಯ್ತು, ಕೆರಳುವ ಬಲ ಮಾತ್ರ ಉಳೀತು.

ಟೈಮ್ ಕೂಡ ಹೆಚ್ಚುಕಡಿಮೆ ಲೆಕ್ಕದ ಪ್ರಕಾರ ಬರ್ತದೆ. ಕಡೆಯ ಗುಟುಕು ಕುಡಿದು ಆರೆಂಟು ಗಂಟೆಗೆ ನಡುಕ, ಬೆವರು, ಓಕರಿಕೆ. ಬೆಳಿಗ್ಗೆ ಚಾ ಗ್ಲಾಸ್ ಹಿಡಿಲಿಕ್ಕೆ ಆಗದ್ದು ಇದೇ, ರಾತ್ರಿ ಮಲಗಿದ ಹೊತ್ತಲ್ಲಿ ಆಲ್ಕೋಹಾಲ್ ಇಳಿದಿರ್ತದೆ. ಮೊದಲ ಎರಡು ದಿನದ ಒಳಗೆ ಕೆಲವರಿಗೆ ಫಿಟ್ಸ್ ಬರ್ತದೆ. ಎರಡನೇ ದಿನ ಕಳೆದು ನಾಲ್ಕನೇ ದಿನದ ಒಳಗೆ ಡಿಟಿ. ನಿಮ್ಮವರಿಗೆ ಮೂರನೇ ರಾತ್ರಿ ಬಂತು, ಪಕ್ಕಾ ಪುಸ್ತಕದಲ್ಲಿ ಇದ್ದ ಹಾಗೆ. ಮತ್ತೆ ಆ ಇಲ್ಲದ ಅಡಿಕೆ ಸುಲಿದದ್ದು, ಅದೂ ಕೂಡ. ಡಿಟಿಯಲ್ಲಿ ಮನುಷ್ಯ ತನ್ನ ದಿನನಿತ್ಯದ ಕೆಲಸವನ್ನು ಗಾಳಿಯಲ್ಲಿ ಮಾಡ್ಲಿಕ್ಕೆ ತೊಡಗ್ತಾನೆ. ನನ್ನ ವಾರ್ಡಲ್ಲಿ ಒಬ್ಬರು ಬಸ್ ಡ್ರೈವರು ರಾತ್ರಿಯಿಡೀ ಮಂಚದಲ್ಲಿ ಕೂತು ಸ್ಟೀರಿಂಗ್ ತಿರುಗಿಸ್ತಾ ಇದ್ರು, ನಡುವೆ ನಡುವೆ ಕಾಲು ಬ್ರೇಕಿಗೆ ಒತ್ತಿ, ಹಿಂದೆ ತಿರುಗಿ ನಿಂತವರು ಒಳಗೆ ಬನ್ನಿ ಅಂತ ಹೇಳ್ತಾ ಇದ್ರು. ಬೀಡಿ ಕಟ್ಟುವ ಒಬ್ಬರು ಬೆಡ್‌ಶೀಟಿನ ತುದಿಯನ್ನು ಎಲೆ ಅಂತ ಸುರುಳಿ ಮಾಡಿ ಮಾಡಿ ಇಡ್ತಾ ಇದ್ರು, ಬೆರಳು ಎಷ್ಟು ನಾಜೂಕಾಗಿ ಓಡ್ತಿತ್ತು ಅಂದ್ರೆ ನೋಡುವಾಗ ಹೊಟ್ಟೆ ಕಿವುಚಿ ಬಂತು ನನಗೆ. ಅತ್ತೆಯವರಿಗೆ ಇದನ್ನು ಸಮಾಧಾನದಲ್ಲಿ ಹೇಳಿ. ದೈವಕ್ಕೆ ಹರಕೆ ಹೇಳಿಕೊಳ್ಳುವುದು ಬೇಡ ಅಂತ ನಾನು ಹೇಳ್ತಾ ಇಲ್ಲ, ಆದ್ರೆ ಪ್ರಶ್ನೆ ಇಡಿಸ್ಲಿಕ್ಕೆ ಹೋಗುವ ಆ ಒಂದು ದಿನ ಆಸ್ಪತ್ರೆಯಲ್ಲಿ ಇರಬೇಕಾದ ದಿನ.

ಇಡೀ ರಾಜ್ಯವೇ ಇದನ್ನು ಒಮ್ಮೆ ಕಂಡಿದೆ. 2020ರ ಮಾರ್ಚಿನ ಲಾಕ್‌ಡೌನಲ್ಲಿ ಕೇರಳದ ಮದ್ಯದಂಗಡಿಗಳು ಒಂದೇ ಏಟಿಗೆ ಮುಚ್ಚಿದವು, ನಮ್ಮ ಕಾಸರಗೋಡಿನವರಿಗೆ ತಲಪಾಡಿ ಗಡಿಯೂ ಬಂದ್. ಕೆಲವೇ ದಿನದಲ್ಲಿ ಫಿಟ್ಸ್, ಡಿಟಿ, ಆತ್ಮಹತ್ಯೆ ಅಂತ ಸುದ್ದಿ ಬರ್ಲಿಕ್ಕೆ ಶುರು ಆಯ್ತು. ಸರಕಾರ ಮಾರ್ಚ್ 30ಕ್ಕೆ ಡಾಕ್ಟ್ರ ಚೀಟಿ ಇದ್ದವರಿಗೆ ಮದ್ಯ ಕೊಡುವ ಅಂತ ಆರ್ಡರ್ ಮಾಡಿತು, ಡಾಕ್ಟ್ರುಗಳು ಆಗುದಿಲ್ಲ ಅಂತ ಪ್ರತಿಭಟನೆ ಮಾಡಿದ್ರು, ಎರಡ್ಮೂರು ದಿನದಲ್ಲಿ ಹೈಕೋರ್ಟ್ ಆ ಆರ್ಡರಿಗೆ ತಡೆ ಕೊಟ್ಟಿತು. ನಾವು ತಡೆಯನ್ನು ಒಪ್ಪಿದ್ದು ಯಾಕಂದ್ರೆ ಇದಕ್ಕೆ ಸರಿಯಾದ ಮದ್ದು ಉಂಟು, ಚೀಟಿಯಲ್ಲಿ ಬ್ರಾಂದಿ ಬರಿಬೇಕಾಗಿಲ್ಲ. ಕ್ಲೋರ್‌ಡಯಜೆಪಾಕ್ಸೈಡ್, ಡಯಜೆಪಾಂ, ಲಿವರ್ ಹಾಳಾದವರಿಗೆ ಲೋರಾಜೆಪಾಂ. ಇವು ಬಗ್ಗಿದ ಮರವನ್ನು ಕೈಬಿಡದೆ ನಿಧಾನಕ್ಕೆ ನೆಟ್ಟಗೆ ಮಾಡುವ ಮದ್ದು, ಐದರಿಂದ ಹತ್ತು ದಿನದಲ್ಲಿ ದಿನಾ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿ ನಿಲ್ಲಿಸ್ತೇವೆ. ಇವನ್ನು ಮೆಡಿಕಲಿಂದ ನೀವೇ ತಂದು ಕೊಡ್ಲಿಕ್ಕೆ ಇಲ್ಲ, ಇದರ ಜೊತೆ ಕುಡಿದ್ರೆ ಉಸಿರು ನಿಂತೀತು, ಮತ್ತೆ ಈ ಮಾತ್ರೆ ತಗೊಳ್ಳುವ ದಿನಗಳಲ್ಲಿ ಮರ ಹತ್ತಲೇಬಾರದು.

ಇಲ್ಲಿ ಇನ್ನೊಂದು ವಿಷಯ, ಇದನ್ನು ದಯಮಾಡಿ ನೆನಪಿಡಿ. ನಮ್ಮ ಕಡೆ ಕುಡಿದು ಬಿದ್ದವರನ್ನು ತಂದ ಕೂಡ್ಲೇ ಡಾಕ್ಟ್ರೇ ಒಂದು ಗ್ಲೂಕೋಸ್ ಹಾಕಿ ಅಂತಾರೆ. ದಿನಾ ಕುಡಿದು ಊಟ ಬಿಟ್ಟವರ ಮೈಯಲ್ಲಿ ಥಯಾಮಿನ್, ಅಂದ್ರೆ ವಿಟಮಿನ್ ಬಿ1 ಖಾಲಿ ಆಗಿರ್ತದೆ. ಬಿ1 ಕೊಡದೆ ಗ್ಲೂಕೋಸ್ ಏರಿಸಿದ್ರೆ ಉಳಿದ ಅಷ್ಟಿಷ್ಟೂ ಖರ್ಚಾಗಿ ಮೆದುಳಿಗೆ ಪೆಟ್ಟು ಬೀಳಬಹುದು, ಕಣ್ಣುಗುಡ್ಡೆ ಸರಿ ತಿರುಗುದಿಲ್ಲ, ನಡಿಗೆ ತಪ್ತದೆ, ತಲೆ ಗೊಂದಲ, ಆಮೇಲೆ ನೆನಪು ಹೋದದ್ದು ತಿರುಗಿ ಬಾರದೆಯೂ ಇರಬಹುದು. ಬೆಳಿಗ್ಗೆ ತಿಂದ ದೋಸೆ ನೆನಪಿಲ್ಲದೆ ಇಪ್ಪತ್ತು ವರ್ಷ ಹಿಂದಿನದ್ದನ್ನು ನಿನ್ನೆ ಆದದ್ದು ಅಂತ ಹೇಳುವ ಐವತ್ತರ ಗಂಡಸರನ್ನು ನಾನು ನೋಡಿದ್ದೇನೆ. ಹಾಗಾಗಿ ಎಲ್ಲಿಗೆ ಕರ್ಕೊಂಡು ಹೋದ್ರೂ ದಿನಾ ಕುಡಿತಾರೆ ಅಂತ ಮುಚ್ಚಿಡದೆ ಹೇಳಿ, ನಾಚಿಕೆಯಿಂದ ಹೇಳದಿದ್ರೆ ಡಾಕ್ಟ್ರಿಗೆ ಗೊತ್ತಾಗುದಿಲ್ಲ. ಫಿಟ್ಸ್ ಬಂದ್ರೆ ಕೈಗೆ ಕಬ್ಬಿಣ, ಬೀಗದ ಕೈ ಕೊಡುವುದರಿಂದ ಪ್ರಯೋಜನ ಇಲ್ಲ, ಬಾಯಿಗೆ ಎಂತದ್ದೂ ತುರುಕಬೇಡಿ, ಒಂದು ಮಗ್ಗುಲಿಗೆ ಮಲಗಿಸಿ, ತಲೆಗೆ ಪೆಟ್ಟಾಗದ ಹಾಗೆ ನೋಡಿ, ವಾಹನ ಕರೆಸಿ.

ರೋಗವಾ ಅಹಂಕಾರವಾ ಅಂತ ಕೇಳಿದ್ರಿ. ಮೊದಲ ಗ್ಲಾಸು ಎತ್ತುವಾಗ ಮನುಷ್ಯನ ಕೈಯಲ್ಲಿ ಇರ್ತದೆ, ಅದನ್ನು ಅಲ್ಲಗಳೆಯುದಿಲ್ಲ. ಆದ್ರೆ ಬೆಳಿಗ್ಗೆ ಎದ್ದ ಕೂಡ್ಲೇ ನಡುಗುವ ಕೈಗೆ ಕುಪ್ಪಿ ಹುಡುಕುವವ ಮಜಾಕ್ಕೆ ಕುಡಿತಾ ಇಲ್ಲ, ನಡುಕ ನಿಲ್ಲಿಸ್ಲಿಕ್ಕೆ ಕುಡಿತಾ ಇದ್ದಾನೆ. ಇದು ರೋಗ. ಯಾರಿಗೆ ಬರ್ತದೆ ಅನ್ನುವುದರಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ವಂಶದ್ದು, ಬಾಕಿ ಅರ್ಧ ಬದುಕಿನದ್ದು. ಬದುಕಿನದ್ದು ಅಂದ್ರೆ ಎಷ್ಟು ಬೇಗ ಶುರು ಮಾಡಿದ, ಸುತ್ತ ಯಾರಿದ್ದಾರೆ, ಮನಸ್ಸಲ್ಲಿ ಬೇರೆ ನೋವು, ಡಿಪ್ರೆಶನ್, ನಿದ್ರೆ ಬಾರದ ಕಷ್ಟ ಉಂಟಾ, ಮತ್ತೆ ಕುಪ್ಪಿ ಎಷ್ಟು ಸುಲಭಕ್ಕೆ ಸಿಕ್ತದೆ. ಈ ಕಡೆಯದ್ದರಲ್ಲಿ ನಾವು ಗಡಿಯವರು ಭಾಳ ಪಾಪ. ಒಂದನೇ ತಾರೀಕು ಕೇರಳದಲ್ಲಿ ಡ್ರೈ ಡೇ, ಪೆರ್ಲದಿಂದ ಅಡ್ಕಸ್ಥಳ ದಾಟಿದ್ರೆ ಕರ್ನಾಟಕ, ಅಲ್ಲಿ ಅಂಗಡಿ ತೆರೆದಿರ್ತದೆ, ರೇಟೂ ಕಮ್ಮಿ, ಕಿಸೆಯಲ್ಲಿ ಹಿಡಿಯುವ ಪ್ಯಾಕೆಟ್ ಬೇರೆ.

ಮರ ಹತ್ತುವವರ ವಿಷಯದಲ್ಲಿ ನನಗೆ ಒಂದು ಸಿಟ್ಟು ಉಂಟು, ಅದನ್ನೂ ಹೇಳ್ತೇನೆ. ಮರ ಹತ್ತುವವರು ಸಿಗುದೇ ಕಷ್ಟ ಆದದ್ದರಿಂದ ಕೆಲವು ತೋಟದವರು ಸಂಬಳದ ಮೇಲೆ ಸಂಜೆಗೆ ಒಂದು ಕ್ವಾರ್ಟರ್ ಅಂತ ಸೇರಿಸಿಯೇ ಕರಿತಾರೆ, ನಾಳೆಯೂ ಬರ್ಲಿ ಅಂತ. ದಿನವಿಡೀ ಸೊಂಟ, ಭುಜ, ಪಾದ ನೊಂದವನಿಗೆ ಅದು ಮೈಕೈ ನೋವಿನ ಮದ್ದಾಗಿ ಶುರು ಆಗ್ತದೆ, ಎತ್ತರದ ಹೆದರಿಕೆ ಮರಿಲಿಕ್ಕೆ ಬೆಳಿಗ್ಗೆಯೂ ಸ್ವಲ್ಪ. ಹತ್ತು ವರ್ಷ ಕಳೆದ ಮೇಲೆ ಅದೇ ತೋಟದವರು ಅವನಾ, ಕುಡುಕ, ಕೆಲಸಕ್ಕೆ ಆಗ ಅಂತಾರೆ. ತೋಟ ಇರುವವರು ಇದನ್ನು ಓದ್ತಾ ಇದ್ರೆ ಕೈ ಮುಗಿದು ಕೇಳ್ತೇನೆ, ಆ ದುಡ್ಡನ್ನು ಸಂಬಳದಲ್ಲೇ ಕೊಡಿ, ಆದ್ರೆ ಅವನ ಹೆಂಡತಿಯ ಕೈಗೆ ಸಿಗುವ ಹಾಗೆ ಕೊಡಿ.

ರೋಗ ಅಂದ ಮಾತ್ರಕ್ಕೆ ಹೊಡೆದದ್ದು ಬಡಿದದ್ದು ಮಾಫಿ ಆಗುದಿಲ್ಲ. ನೀವು ಅದರ ಬಗ್ಗೆ ಬರಿಲಿಲ್ಲ, ಇಲ್ಲದಿದ್ರೆ ಒಳ್ಳೆದೇ, ಆದ್ರೆ ಇದ್ದೂ ಬರೆಯದವರು ತುಂಬ ಜನ. ಹೊಡಿತಕ್ಕೆ 181 ಮಹಿಳಾ ಹೆಲ್ಪ್‌ಲೈನ್, ಆ ಕ್ಷಣಕ್ಕೆ ಅಪಾಯ ಆದ್ರೆ 112. ಗಂಡ ರೋಗಿ ಅಂತ ಹೆಂಡತಿ ಪೆಟ್ಟು ತಿನ್ನಬೇಕು ಅಂತ ಯಾವ ಡಾಕ್ಟ್ರೂ ಹೇಳುದಿಲ್ಲ.

ಎಷ್ಟು ಕುಡಿತಾರೆ ಅಂತ ಲೆಕ್ಕ ಹಾಕ್ಲಿಕ್ಕೆ ಒಂದು ಸುಲಭ ದಾರಿ. ನಮ್ಮಲ್ಲಿ ಸಿಗುವ ಬ್ರಾಂದಿ, ರಮ್ಮು, ವಿಸ್ಕಿ 42.8 ಪರ್ಸೆಂಟಿನದ್ದು, 30 ಎಂಎಲ್‌ಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್. 180ರ ಒಂದು ಕ್ವಾರ್ಟರ್ ಅಂದ್ರೆ 60 ಗ್ರಾಂ. 90ರ ಪ್ಯಾಕೆಟ್ 30 ಗ್ರಾಂ. ಸ್ಟ್ರಾಂಗ್ ಬಿಯರಿನ ದೊಡ್ಡ ಕುಪ್ಪಿ 40 ಗ್ರಾಂ. ಕಳ್ಳು ಮರದ್ದು, ತಂಪು, ಏನೂ ಆಗುದಿಲ್ಲ ಅಂತಾರಲ್ಲ, ಹುಳಿ ಬಂದ ಕಳ್ಳು ಒಂದು ಲೀಟರ್ ಅಂದ್ರೆ ಅದೂ ಹತ್ತಿರ ಹತ್ತಿರ 40 ಗ್ರಾಂ. ಲಿವರ್ ಗಂಟೆಗೆ ಏಳೆಂಟು, ಹೆಚ್ಚಂದ್ರೆ ಹತ್ತು ಗ್ರಾಂ ಮಾತ್ರ ಮುರಿತದೆ, ನಿಂಬೆಹುಳಿಯಾಗಲಿ ಮಜ್ಜಿಗೆಯಾಗಲಿ ತಣ್ಣೀರ ಸ್ನಾನವಾಗಲಿ ಅದನ್ನು ಬೇಗ ಮಾಡುದಿಲ್ಲ. ರಾತ್ರಿ ಹತ್ತಕ್ಕೆ ಎರಡು ಕ್ವಾರ್ಟರ್ ಇಳಿಸಿದವ ಬೆಳಿಗ್ಗೆ ಏಳಕ್ಕೆ ಮರದಲ್ಲಿ ಇರುವಾಗ ಇನ್ನೂ ಅಮಲಲ್ಲೇ ಇರ್ತಾನೆ.

ಲಿವರಿನ ವಿಷಯ ಎಲ್ಲರಿಗೂ ಗೊತ್ತು ಅಂತ ಬಿಟ್ಟುಬಿಡ್ತಿದ್ದೆ, ಒಂದು ಕಾರಣಕ್ಕೆ ಹೇಳ್ತೇನೆ. ಮೊದ್ಲು ಲಿವರಲ್ಲಿ ಕೊಬ್ಬು ತುಂಬ್ತದೆ, ಈ ಹಂತದಲ್ಲಿ ಕುಡಿತ ಪೂರ್ತಿ ನಿಲ್ಲಿಸಿದ್ರೆ ಕೆಲವೇ ವಾರದಲ್ಲಿ ಇಳಿತದೆ. ಆಮೇಲೆ ಊತ, ಆಮೇಲೆ ಗಟ್ಟಿಯಾಗಿ ಕುಗ್ಗುವ ಸಿರೋಸಿಸ್, ಹೊಟ್ಟೆಯಲ್ಲಿ ನೀರು, ರಕ್ತ ವಾಂತಿ. ಕಣ್ಣು ಹಳದಿ ಆದ ಕೂಡ್ಲೇ ಕಾಮಾಲೆ ಅಂತ ಬೇರಿನ ಮದ್ದು ಕುಡಿಸಿ, ಉಪ್ಪು ಎಣ್ಣೆ ಬಿಡಿಸಿ, ಒಂದು ತಿಂಗಳು ಹಾಳು ಮಾಡಿ ನಮ್ಮ ಹತ್ರ ಬರ್ತಾರೆ. ಕುಡಿಯುವವರ ಕಾಮಾಲೆ ಬೇರೆಯೇ, ಅದಕ್ಕೆ ತಡ ಮಾಡ್ಲಿಕ್ಕೆ ಇಲ್ಲ. ಇನ್ನು ಬಾಯಿ, ಗಂಟಲು, ಅನ್ನನಾಳ, ಲಿವರು, ಕರುಳು, ಸ್ತನದ ಕ್ಯಾನ್ಸರಿಗೂ ಆಲ್ಕೋಹಾಲ್ ಕಾರಣ, ಎಲೆಅಡಿಕೆಗೆ ಹೊಗೆಸೊಪ್ಪು ಹಾಕಿ ತಿನ್ನುವವರು ಕುಡಿದ್ರೆ ಬಾಯಿ ಗಂಟಲಿನ ಅಪಾಯ ಮತ್ತೂ ಎಷ್ಟೋ ಪಾಲು ಏರ್ತದೆ. ಸ್ವಲ್ಪ ಕುಡಿದ್ರೆ ಹೃದಯಕ್ಕೆ ಒಳ್ಳೆದು ಅಂತ ಮದುವೆ ಮನೆಯಲ್ಲಿ ವಾದ ಮಾಡುವವರಿಗೆ, 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಷ್ಟರವರೆಗೆ ಕುಡಿದ್ರೆ ಏನೂ ಆಗುದಿಲ್ಲ ಅನ್ನುವ ಮಟ್ಟ ಒಂದೂ ಇಲ್ಲ ಅಂತ ಸ್ಪಷ್ಟ ಹೇಳಿಯಾಗಿದೆ.

ಈಗ ಮಗನ ವಿಷಯ. ಅಪ್ಪನಿಗೆ ಈ ರೋಗ ಇದ್ರೆ ಮಕ್ಕಳಿಗೆ ಬರುವ ಸಾಧ್ಯತೆ ಬೇರೆಯವರಿಗಿಂತ ಮೂರ್ನಾಲ್ಕು ಪಾಲು ಜಾಸ್ತಿ, ಇದು ಸತ್ಯ. ಹೆಚ್ಚಿನ ಮಕ್ಕಳಿಗೆ ಬರುದಿಲ್ಲ, ಇದೂ ಸತ್ಯ. ಅವನ ಕೈಯಲ್ಲಿ ಇರುವುದು ಶುರು ಮಾಡದೆ ಇರುವುದು, ಹದಿನಾಲ್ಕು ಹದಿನೈದರಲ್ಲಿ ಶುರು ಮಾಡಿದವರೇ ಮುಂದೆ ಜಾಸ್ತಿ ಸಿಕ್ಕಿಹಾಕಿಕೊಳ್ಳುವುದು. ಕೇರಳದಲ್ಲಿ 23 ವರ್ಷ ತುಂಬದೆ ಮದ್ಯ ಮಾರ್ಲಿಕ್ಕೆ ಕಾನೂನೇ ಇಲ್ಲ. ಮತ್ತೆ ಒಂದು ಮಾತು ಅವನಿಗೆ ಗೊತ್ತಿರಲಿ, ಫ್ರೆಂಡ್ಸ್ ಜೊತೆ ನಾನು ಎಷ್ಟು ಕುಡಿದ್ರೂ ಏರುದಿಲ್ಲ ಅಂತ ಹೆಮ್ಮೆಯಲ್ಲಿ ಹೇಳುವವನೇ ನಿಜಕ್ಕೂ ಅಪಾಯದಲ್ಲಿ ಇರುವವನು, ನಿಲ್ಲು ಅಂತ ಹೇಳುವ ಗಂಟೆ ಅವನ ಮೈಯಲ್ಲಿ ಹೊಡಿಯುದಿಲ್ಲ. ಅಪ್ಪನ ಮೇಲೆ ದ್ವೇಷ ತುಂಬಿ ಇದನ್ನು ಹೇಳಬೇಡಿ. ಅಪ್ಪನಿಗೆ ಹೀಗೊಂದು ರೋಗ ಉಂಟು, ನಮ್ಮ ಮನೆಗೆ ಅದು ಬೇಗ ಹಿಡಿತದೆ, ನೀನು ದೂರ ಇರು ಅಂತ, ಬಿಪಿ ಶುಗರಿನ ಬಗ್ಗೆ ಹೇಳುವ ಹಾಗೆಯೇ ಹೇಳಿ. ಕುಪ್ಪಿ ತರ್ಲಿಕ್ಕೆ, ರಸ್ತೆಯಲ್ಲಿ ಬಿದ್ದ ಅಪ್ಪನನ್ನು ಎತ್ಲಿಕ್ಕೆ ಅವನನ್ನು ಕಳಿಸಬೇಡಿ. ಪ್ಲಸ್ ವನ್ ಹುಡುಗನಿಗೆ ಊರೆದುರು ಅಪ್ಪನನ್ನು ಹೊತ್ತು ತರುವುದು ಎಷ್ಟು ಭಾರ ಅಂತ ನಾವು ದೊಡ್ಡವರು ಯೋಚನೆ ಮಾಡುದೇ ಇಲ್ಲ.

ಹಾಗಾದ್ರೆ ಮಾಡುವುದೆಂತ? ಮೊದ್ಲು ಮಾತು. ಕುಡಿದು ಬಂದ ರಾತ್ರಿ ಮಾತಾಡಬೇಡಿ, ಅದು ಗೋಡೆಗೆ ಹೇಳಿದ ಹಾಗೆ, ಜಗಳ ಆಗ್ತದೆ ಅಷ್ಟೆ. ಬೆಳಿಗ್ಗೆ ನಡುಕ ಇಳಿದ ಮೇಲೆ, ಅತ್ತೆ ಮಕ್ಕಳು ಇಲ್ಲದಾಗ, ಹಳೇ ಕತೆ ಎತ್ತದೆ ಹೇಳಿ. ಹೋದ ವರ್ಷ ಮೂರನೇ ದಿನ ನೀವು ಇಲ್ಲದ ಅಡಿಕೆ ಸುಲಿದದ್ದು ನೋಡಿ ನನಗೆ ನೀವು ಹೋಗ್ತೀರಿ ಅಂತ ಆಯ್ತು, ಅದು ನಿಮ್ಮ ತಪ್ಪಲ್ಲ, ಒಮ್ಮೆಲೇ ಬಿಟ್ಟದ್ದರಿಂದ ಆದದ್ದಂತೆ, ಡಾಕ್ಟ್ರ ಹತ್ರ ಹೋಗಿ ಸರಿಯಾಗಿ ಬಿಡುವ, ನಾನೂ ಬರ್ತೇನೆ. ಇಷ್ಟು ಸಾಕು. ನಿಮ್ಮವರು ತಾವಾಗಿ ಮಾಲೆ ಹಾಕಿದವರು, ಮೂರು ದಿನ ಆ ನರಕ ತಡೆದವರು, ಬಿಡುವ ಮನಸ್ಸು ಅವರಿಗೆ ಉಂಟು ಅಂತ ಇದಕ್ಕಿಂತ ಬೇರೆ ಸಾಕ್ಷಿ ಎಂತ ಬೇಕು? ಇನ್ನೊಂದು ಕಡೆ, ಕುಡಿದದ್ದನ್ನು ಮುಚ್ಚುವ ಕೆಲಸ ನೀವು ನಿಲ್ಲಿಸಿ. ತೋಟದವರಿಗೆ ಫೋನ್ ಮಾಡಿ ಇವತ್ತು ಜ್ವರ ಅಂತ ಸುಳ್ಳು ಹೇಳುವುದು, ಕುಟುಂಬಶ್ರೀ ಹೆಂಗಸರ ಸಂಘದಿಂದ ಲೋನ್ ತೆಗೆದು ಅವರ ಸಾಲ ತೀರಿಸುವುದು ಬೇಡ.

ಆಸ್ಪತ್ರೆ ಅಂದ್ರೆ ಮೊದಲು ನಿಮ್ಮ ಕುಟುಂಬಾರೋಗ್ಯ ಕೇಂದ್ರದ ಡಾಕ್ಟ್ರು ಅಥವಾ ಆಶಾ ವರ್ಕರ್ ಹತ್ರ ಹೇಳಿ. ಕೇರಳ ಎಕ್ಸೈಸಿನವರ ವಿಮುಕ್ತಿ ಅಂತ ಯೋಜನೆ ಉಂಟು, ಜಿಲ್ಲೆಗೊಂದು ಡಿ-ಅಡಿಕ್ಷನ್ ಸೆಂಟರ್, 14405ಕ್ಕೆ ಫ್ರೀ ಕಾಲ್ ಮಾಡಿದ್ರೆ ಎಲ್ಲಿಗೆ ಬರಬೇಕು ಅಂತ ಹೇಳ್ತಾರೆ. ಮಲಯಾಳದಲ್ಲಿ ಮನಸ್ಸಿನ ಕಷ್ಟ ಹೇಳ್ಲಿಕ್ಕೆ ಬಾಯಿ ಬಾರದಿದ್ರೆ 14416 ಟೆಲಿಮಾನಸ್‌ಗೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, 14446 ಕೇಂದ್ರ ಸರಕಾರದ ನಶೆ ಬಿಡಿಸುವ ಹೆಲ್ಪ್‌ಲೈನ್. ಮಂಗಳೂರಿನ ಮೆಡಿಕಲ್ ಕಾಲೇಜುಗಳು ನಿಮಗೆ ಹತ್ತಿರ ಆದ್ರೆ ಅಲ್ಲಿಗೂ ಹೋಗಬಹುದು. ಕೈಕಾಲು ಕಟ್ಟಿ ಕೂಡಿಹಾಕುವ, ಮನೆಯವರನ್ನು ನೋಡ್ಲಿಕ್ಕೆ ಬಿಡದ ಜಾಗಕ್ಕೆ ಮಾತ್ರ ಎಷ್ಟು ಕಷ್ಟ ಆದ್ರೂ ಹಾಕಬೇಡಿ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರದ ಬಗ್ಗೆ ನೀವು ಕೇಳಿರಬಹುದು, ಅಲ್ಲಿ ಹೋಗಿ ಬಿಟ್ಟವರು ನನಗೆ ಗೊತ್ತಿದ್ದಾರೆ, ಊರವರೆಲ್ಲ ಸೇರಿ ಒಬ್ಬನ ಬೆನ್ನಿಗೆ ನಿಲ್ಲುವುದು ಸಣ್ಣ ವಿಷಯ ಅಲ್ಲ. ಆದ್ರೆ ನಿಮ್ಮವರ ಹಾಗೆ ಬೆಳಿಗ್ಗೆ ನಡುಗುವವರು, ಮೊದ್ಲೇ ಡಿಟಿ ಬಂದವರು, ಡಾಕ್ಟ್ರಿಗೆ ತೋರಿಸಿಯೇ ಶಿಬಿರಕ್ಕೆ ಹೋಗಬೇಕು.

ವಾರ ಹತ್ತು ದಿನದ ಅಡ್ಮಿಟ್ ಮುಗಿದ ಕೂಡ್ಲೇ ಎಲ್ಲರೂ ಗುಣ ಆಯ್ತು ಅಂದುಕೊಳ್ತಾರೆ. ಹೋದ ವರ್ಷ ನಿಮ್ಮಲ್ಲಿ ಆದದ್ದೂ ಇದೇ, ನಡುಕಕ್ಕೆ ಮದ್ದಾಯ್ತು, ಆಸೆಗೆ ಆಗ್ಲಿಲ್ಲ. ಕುಡಿಬೇಕು ಅನ್ನುವ ಆ ಎಳೆತಕ್ಕೆ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್, ಲಿವರ್ ಹಾಳಾದವರಿಗೆ ಬ್ಯಾಕ್ಲೊಫೆನ್ ಅಂತ ಮಾತ್ರೆಗಳು ಉಂಟು, ತಿಂಗಳುಗಟ್ಟಲೆ ತಗೊಳ್ಳಬೇಕು. ಡೈಸಲ್ಫಿರಾಂ ಕೂಡ ಇಲ್ಲಿಯೇ ಬರುವುದು, ಲಿವರ್, ಹೃದಯ ಟೆಸ್ಟ್ ಮಾಡಿ, ಅವರಿಗೆ ಎಲ್ಲ ಹೇಳಿ, ಒಪ್ಪಿದ ಮೇಲೆ ದಿನಾ ಬೆಳಿಗ್ಗೆ ನಿಮ್ಮ ಕೈಯಿಂದಲೇ ತಗೊಳ್ಳುವ ಹಾಗೆ. ಕದ್ದು ಹಾಕಬೇಕು ಅಂತಿದ್ದ ಅದೇ ಮದ್ದು, ಎದುರಿಗೆ ಕೂತು ನೀರಿನ ಜೊತೆ ಕೊಟ್ಟರೆ ಎಷ್ಟೋ ಮನೆ ಉಳಿಸಿದ್ದನ್ನು ನೋಡಿದ್ದೇನೆ.

ಇದರ ಜೊತೆಗೆ ಆಲ್ಕೋಹಾಲಿಕ್ಸ್ ಅನಾನಿಮಸ್ ಅಂತ 1935ರಲ್ಲಿ ಅಮೆರಿಕದ ಅಕ್ರಾನ್ ಊರಲ್ಲಿ ಇಬ್ಬರು ಕುಡುಕರೇ ಒಬ್ಬರಿಗೊಬ್ಬರು ಆಸರೆಯಾಗಿ ಶುರು ಮಾಡಿದ ಕೂಟ, ಈಗ ನಮ್ಮ ಕಡೆಯೂ ನಡಿತದೆ, ಹೆಸರು ಕೇಳುದಿಲ್ಲ, ದುಡ್ಡು ಕೇಳುದಿಲ್ಲ. ಮನೆಯವರಿಗೆ ಅಲ್‌ಅನಾನ್ ಅಂತ ಬೇರೆ. ನಡುವೆ ಒಮ್ಮೆ ಜಾರಿ ಕುಡಿದ್ರೆ ಎಲ್ಲ ಹೋಯ್ತು ಅಂತ ಅಲ್ಲ, ಶುಗರ್ ಇದ್ದವ ಪಾಯಸ ತಿಂದು ಶುಗರ್ ಏರಿದ್ರೆ ನಾವು ಮದ್ದು ಬಿಡ್ತೇವಾ, ಹಾಗೆ, ಮರುದಿನವೇ ಡಾಕ್ಟ್ರಿಗೆ ಹೇಳಿ. ಜಾರುವ ದಿನಗಳು ಮೊದ್ಲೇ ಗೊತ್ತಿರ್ತವೆ, ಕೋಲ, ಕೋಳಿ ಅಂಕ, ಮದುವೆ ಹಿಂದಿನ ರಾತ್ರಿ, ಶನಿವಾರದ ಸಂಬಳ. ಆ ದಿನಗಳಿಗೆ ಮೊದಲ ಒಂದು ವರ್ಷ ಮನೆಯವರ ಜೊತೆಗೇ ಹೋಗಿ ಜೊತೆಗೇ ಬರ್ಲಿ.

ಕಡೆಗೆ ಮಾಲೆಯ ವಿಷಯ. ಹೋದ ವರ್ಷದ ಹಾಗೆಯೇ ಒಮ್ಮೆಲೇ ನಿಲ್ಲಿಸಿದ್ರೆ ಈ ಸಲ ಹೆಚ್ಚು ಜೋರಾಗಿ ಬರಬಹುದು, ಪ್ರತಿ ಸಲ ಹೀಗೆ ಬಿಟ್ಟು ಹಿಡಿದಾಗ ಮೆದುಳು ಇನ್ನೂ ಬೇಗ ಕೆರಳ್ತದೆ. ಆದ್ರೆ ಮಾಲೆ ಬೇಡ ಅಂತ ನಾನು ಹೇಳುದಿಲ್ಲ, 41 ದಿನದ ವ್ರತ, ಬೆಳಿಗ್ಗೆ ಸ್ನಾನ, ಜೊತೆಗೆ ಸ್ವಾಮಿಗಳು, ಸುತ್ತ ಎಲ್ಲರೂ ಕುಡಿಯದವರು, ಇದಕ್ಕಿಂತ ಒಳ್ಳೆ ಆಸರೆ ನಾನು ಬರೆದು ಕೊಡ್ಲಿಕ್ಕೆ ಆಗುದಿಲ್ಲ. ಮಾಲೆ ಹಾಕುವ ವೃಶ್ಚಿಕ ತಿಂಗಳ ಒಂದನೇ ದಿನ ನವೆಂಬರ್ 16-17ಕ್ಕೆ ಬರ್ತದೆ. ಅಕ್ಟೋಬರ್ ಮಧ್ಯದಲ್ಲೇ ಅಡ್ಮಿಟ್ ಆಗಿ, ನಡುಕದ ಮದ್ದು ಮುಗಿದು, ಆಸೆಯ ಮಾತ್ರೆ ಶುರು ಆಗಿ, ಮೈ ಸುಧಾರಿಸಿದ ಮೇಲೆ ಮಾಲೆ ಹಾಕ್ಲಿ. ಗುರುಸ್ವಾಮಿಯವರಿಗೂ ವಿಷಯ ಹೇಳಿಡಿ, ವ್ರತದಲ್ಲಿ ಮಾತ್ರೆ ನಿಲ್ಲಿಸ್ಲಿಕ್ಕೆ ಇಲ್ಲ ಅಂತ. ಅಲ್ಲಿಯವರೆಗೆ ಅವರು ತಾವಾಗಿ ಪೂರ್ತಿ ನಿಲ್ಲಿಸ್ತೇನೆ ಅಂದ್ರೂ ಬೇಡ ಅನ್ನಿ, ಮರ ಹತ್ತುವುದು ಮಾತ್ರ ಇವತ್ತಿಂದಲೇ ನಿಲ್ಲಿಸ್ಲಿ, ಸುಲಿಯುವ ಕೆಲಸ ಮಾಡ್ಲಿ. ಬರುವಾಗ ಹೋದ ವರ್ಷದ ಡಿಸ್ಚಾರ್ಜ್ ಚೀಟಿ ತನ್ನಿ, ಕಡೆಯ ಸಲ ಕುಡಿದದ್ದು ಎಷ್ಟು ಗಂಟೆಗೆ ಅಂತ ಬರೆದುಕೊಂಡು ಬನ್ನಿ, ಮತ್ತೆ ಆ ಪುಡಿಯ ಪೊಟ್ಟಣ ನಿಮ್ಮ ಹತ್ರ ಇದ್ರೆ ಅದನ್ನೂ ತನ್ನಿ.